ಮದ್ದು ಬಿಟ್ಟ ಮೇಲಿನ ಪಥ್ಯ

"ಚೀಟಿ ಇಟ್ಟುಕೊಂಡು ಮಾತ್ರೆ ಕೊಟ್ಟರೆ ಅವನಿಗೆ ವಿಷಯ ಗೊತ್ತಿಲ್ಲ. ಚೀಟಿ ತಿರುಗಿ ನಿಮ್ಮ ಕೈಗೆ ಬಂದರೆ ಗೊತ್ತುಂಟು. ಅಷ್ಟೇ ಅಲ್ವಾ, ಬಾಯಮ್ಮ?"

ಕಾಪು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಲೀಲಾಧರ ಜೀಪಿನ ಮುಂದಿನ ಸೀಟಿನಿಂದ ತಿರುಗಿ ನೋಡದೆಯೇ ಕೇಳಿದ. ಅವನ ಕಣ್ಣು ರಸ್ತೆಯ ಆಚೆ ಬದಿಯ ಮೆಡಿಕಲ್ ಶಾಪಿನ ಮೇಲಿತ್ತು. ಕಾರ್ಕಳ ಪೇಟೆಯ ಮಧ್ಯಾಹ್ನದ ಬಿಸಿಲಿಗೆ ಅಂಗಡಿಯ ಗಾಜಿನ ಕಪಾಟುಗಳು ಕಣ್ಣು ಕುಕ್ಕುತ್ತಿದ್ದವು. ಒಳಗೆ ಬಿಳಿ ಅಂಗಿಯ ಒಬ್ಬ ತಲೆ ತಗ್ಗಿಸಿಕೊಂಡು ಪೊಟ್ಟಣ ಕಟ್ಟುತ್ತಿದ್ದ.

"ಅಷ್ಟೇ," ಎಂದಳು ಇಮೆಲ್ಡಾ. "ಗೊತ್ತುಂಟು ಅಂತ ಆದರೆ ನೀವು ಕೊಟ್ಟ ಮಾತು?"

"ಹುಡುಗಿಯನ್ನು ಇಲ್ಲೇ ಇಳಿಸಿ ಬಿಡುತ್ತೇನೆ. ಗೊತ್ತಿಲ್ಲ ಅಂತ ಆದರೆ ಸಂಜೆಯೊಳಗೆ ಅವಳು ಉಡುಪಿಯಲ್ಲಿ ಮ್ಯಾಜಿಸ್ಟ್ರೇಟರ ಎದುರು ನಿಲ್ಲಬೇಕು. ಆಮೇಲೆ ನನ್ನ ಮೇಲೆ ಬೇಸರ ಮಾಡಬಾರದು."

ಹುಡುಗಿ ಎಂದರೆ ವಾರಿಜಾ. ಇಮೆಲ್ಡಾಳ ಮಗ್ಗುಲಲ್ಲೇ ಕುಳಿತಿದ್ದಳು. ಠಾಣೆಯಲ್ಲಿ ಹೆಂಗಸು ಪೊಲೀಸರಿಲ್ಲವೆಂದು ಲೀಲಾಧರ ಇಮೆಲ್ಡಾಳನ್ನೇ ಕಾವಲಿಗೆ ಕೂರಿಸಿಕೊಂಡು ಬಂದಿದ್ದ. ಎಂತಹ ಕಾವಲು? ಬೆಳ್ಮಣ್ಣಿನ ತಿರುವುಗಳಲ್ಲಿ ಹುಡುಗಿ ವಾಂತಿ ಮಾಡಿಕೊಂಡಾಗ ಬೆನ್ನು ನೀವಿದ್ದು, ತನ್ನ ಸೆರಗಿನಿಂದ ಅವಳ ಬಾಯಿ ಒರೆಸಿದ್ದು. ಅಷ್ಟೇ ಅವಳು ಮಾಡಿದ ಕಾವಲು.

ವಾರಿಜಾಳ ತಾಯಿ ಅಮ್ಮಣ್ಣಿ, ಕಾಪುವಿನ ಕಡಲ ಬದಿಯಲ್ಲಿ ಮೀನಿಗೆ ಉಪ್ಪು ಹಾಕಿ ಒಣಗಿಸಿ ಮಾರುತ್ತಿದ್ದವಳು, ಮಗನ ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟ ಮಾಡಿದ ದಿನ ಸಂಜೆ ತಲೆ ಹಿಡಿದುಕೊಂಡು ಬಿದ್ದವಳು ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು.

ನಾಳ ಒಡೆದದ್ದು ಏಕೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಮೆಲ್ಡಾಳಿಗೆ ಗೊತ್ತಿತ್ತು. ಮಣಿಪಾಲದ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ರೋಗಿಗಳ ಮನೆಮನೆಗೆ ಹೋಗಿ ವಿಚಾರಿಸುವ ಕೆಲಸ ಅವಳದು. ಮಗ ಕಿಟ್ಟ ದೋಣಿಯೊಂದಿಗೆ ಕಡಲಿನಲ್ಲಿ ಕಾಣೆಯಾದ ಮೇಲೆ ಊಟ, ನಿದ್ರೆ, ಮಾತು ಮೂರನ್ನೂ ಬಿಟ್ಟಿದ್ದ ಅಮ್ಮಣ್ಣಿಯನ್ನು ಡಾಕ್ಟರ್ ಬೆಂಜಮಿನ್ ಅವರ ಎದುರು ಕೂರಿಸಿ, ಅವರ ಮಾತನ್ನು ತುಳುವಿನಲ್ಲಿ ಹೇಳಿ ತಿಳಿಸಿದ್ದವಳೂ ಅವಳೇ. ಮನಸ್ಸಿನ ಕುಸಿತಕ್ಕೆ ಕೊಡುವ ಆ ಮಾತ್ರೆಗೆ ಒಂದು ಕಟ್ಟುನಿಟ್ಟು ಉಂಟು. ಉಪ್ಪು ಹಾಕಿ ಇಟ್ಟ ಹಳೆಯ ಮೀನು ಮುಟ್ಟಬಾರದು. ಹುಳಿ ಬಂದ ಕಳ್ಳು ಕುಡಿಯಬಾರದು. ಡಾಕ್ಟರನ್ನು ಕೇಳದೆ ಶೀತದ ಮಾತ್ರೆ ಕೂಡ ನುಂಗಬಾರದು. ಮುಟ್ಟಿದರೆ ರಕ್ತದ ಒತ್ತಡ ಒಮ್ಮೆಲೇ ಏರಿ ಜೀವಕ್ಕೇ ಅಪಾಯ.

ಉಪ್ಪುಮೀನು ಮಾರುವವಳಿಗೆ ಉಪ್ಪುಮೀನು ಬೇಡ ಎನ್ನುವುದು ಹೇಗೆ? "ಪಥ್ಯ" ಎಂದು ಹೇಳಿದ್ದಳು ಇಮೆಲ್ಡಾ. ಅಮ್ಮಣ್ಣಿ ಕೂಡಲೇ ತಲೆಯಾಡಿಸಿದ್ದಳು. ಪಂಡಿತರ ಕಷಾಯಕ್ಕೆ ಪಥ್ಯ ಮಾಡಿ ಗೊತ್ತಿದ್ದ ಜೀವ ಅದು. ಅಂದಿನಿಂದ ಉಪ್ಪಿನ ಕೈಯನ್ನು ತುಟಿಗೆ ತಾಗಿಸಿದವಳಲ್ಲ. ಉಪ್ಪು ಹಿಡಿಯಿತೋ ಇಲ್ಲವೋ ಎಂದು ನೋಡಲು ಮಗಳನ್ನು ಕರೆಯುತ್ತಿದ್ದಳು.

ಅಂಥವಳು ಮೀನು ತಿಂದಳು. ಬಡಿಸಿದವಳು ಮಗಳು. ನೆರೆಮನೆಯವರೆಲ್ಲ ನೋಡಿದ್ದಾರೆ.

ಲೀಲಾಧರನಿಗೆ ಅಷ್ಟೇ ಸಾಕಾಗಿತ್ತು. ಅವನು ಕಾರಣವನ್ನೂ ಹುಡುಕಿಟ್ಟಿದ್ದ. ವಾರಿಜಾಳಿಗೆ ಅವಳ ಸೋದರಮಾವನ ಮಗ ಕರುಣಾಕರನೊಂದಿಗೆ ಮದುವೆ ಮಾತಾಗಿತ್ತು. ಆದರೆ ಕಿಟ್ಟನ ಹೆಣ ಸಿಕ್ಕಿರಲಿಲ್ಲ. "ನನ್ನ ಮಗ ಬರುತ್ತಾನೆ" ಎಂದು ಅಮ್ಮಣ್ಣಿ ಬೊಜ್ಜಕ್ಕೆ ಒಪ್ಪುತ್ತಿರಲಿಲ್ಲ. ಸತ್ತವನ ಉತ್ತರಕ್ರಿಯೆ ಮುಗಿಯದ ಮನೆಯಲ್ಲಿ ಮದುವೆಯ ಚಪ್ಪರ ಹಾಕುವಂತಿಲ್ಲ. ಕಾದು ಕಾದು ಹುಡುಗಿಗೆ ಸಾಕಾಗಿತ್ತು ಎಂಬುದು ಅವನ ಲೆಕ್ಕ.

"ಆದರೆ ಕಡೆಗೆ ಅಮ್ಮಣ್ಣಿ ತಾನಾಗಿಯೇ ಒಪ್ಪಿದಳಲ್ಲ," ಎಂದು ಇಮೆಲ್ಡಾ ಠಾಣೆಯಲ್ಲಿ ವಾದಿಸಿದ್ದಳು. "ಬೊಜ್ಜದ ದಿನ ಊರವರಿಗೆ ಬಡಿಸುವುದು ತರಕಾರಿ ಊಟ, ಸರಿ. ಒಳಗೆ ಸತ್ತವನ ಹೆಸರಿನ ಎಲೆಗೆ ಅವನಿಗೆ ಇಷ್ಟವಾದದ್ದು ಬಡಿಸಿ ಮನೆಯವರು ಅದನ್ನೇ ಉಣ್ಣಬೇಕು. ಕಿಟ್ಟನಿಗೆ ಇಷ್ಟ ಉಪ್ಪಿನಲ್ಲಿಟ್ಟ ಬಂಗುಡೆ. ಮಗನ ಜೊತೆ ಕಡೆಯ ಊಟ ಮಾಡಬೇಕೆಂದು ತಾಯಿ ನಮಗೆ ತಿಳಿಸದೆ ಮಾತ್ರೆ ನಿಲ್ಲಿಸಿದಳು. ಪಂಡಿತರ ಮದ್ದಿನಲ್ಲಿ ಹೇಗೆ? ಮದ್ದು ಬಿಟ್ಟ ದಿನ ಪಥ್ಯವೂ ಬಿಟ್ಟಿತು. ಈ ಮನೆಯವರು ಇದನ್ನೂ ಹಾಗೆಯೇ ಅಂದುಕೊಂಡರು."

"ಮತ್ತೆ?"

"ಈ ಮಾತ್ರೆ ಹಾಗಲ್ಲ. ನಿಲ್ಲಿಸಿದ ಮೇಲೂ ಎರಡು ವಾರ ಮೈಯೊಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಎರಡು ವಾರ ಅಂತ ಗೊತ್ತಿದ್ದೂ ಬಾಯಿ ಮುಚ್ಚಿ ಕುಳಿತವರು ಯಾರೋ, ಕೊಂದವರು ಅವರು. ಮೀನು ಬಡಿಸಿದವಳಲ್ಲ."

ಆ ಬಳಗದಲ್ಲಿ ಹಾಗೆ ಗೊತ್ತಿರಬಹುದಾದವನು ಒಬ್ಬನೇ ಇದ್ದ. ಉಡುಪಿಯಲ್ಲಿ ಮಾತ್ರೆ ಕೊಂಡರೆ ತಲೆ ಕೆಟ್ಟವಳು ಎಂಬ ಸುದ್ದಿ ಮೀನಿನ ಬುಟ್ಟಿಗಿಂತ ಮೊದಲು ಕಾಪು ಮುಟ್ಟುತ್ತದೆಂದು ಅಮ್ಮಣ್ಣಿಯ ಮನೆಯವರು ಮದ್ದು ತರುತ್ತಿದ್ದದ್ದು ಕಾರ್ಕಳದ ಕರುಣಾಕರನ ಅಂಗಡಿಯಿಂದ. ಅವನು ಮದ್ದಿನ ವಿದ್ಯೆಯನ್ನೇ ಕಲಿತು ಬಂದವನು. ಆದರೆ ಪೊಲೀಸರು ಮೊದಲ ಸಲ ಕೇಳಿದಾಗ, "ನಾನು ಮಾರುವವನು ಮಾತ್ರ, ನಿಲ್ಲಿಸಿದ ಮೇಲಿನ ವಿಷಯ ನನಗೆ ಗೊತ್ತಿಲ್ಲ" ಎಂದಿದ್ದ.

ಆ ಮಾತು ಇಮೆಲ್ಡಾಳಿಗೆ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲೆಂದೇ ಡಾಕ್ಟರ್ ಬೆಂಜಮಿನ್ ಅವರನ್ನು ಕಾಡಿ ಬೇಡಿ ಒಂದು ತಪ್ಪು ಚೀಟಿ ಬರೆಸಿಕೊಂಡಿದ್ದಳು. "ಒಂದು ಮಾತ್ರೆಯೂ ಯಾರ ಬಾಯಿಗೂ ಹೋಗಬಾರದು, ಕೊಟ್ಟರೆ ತಂದು ನನ್ನ ಮೇಜಿನ ಮೇಲೆ ಇಡಬೇಕು," ಎಂದು ಎರಡೆರಡು ಸಲ ಹೇಳಿ ಅವರು ಸಹಿ ಹಾಕಿದ್ದರು.

ಅವಳು ಜೀಪಿನಿಂದ ಇಳಿಯಲು ಕಾಲು ಚಾಚಿದಾಗ ವಾರಿಜಾ ಅವಳ ಸೆರಗು ಹಿಡಿದಳು.

"ನೀವು ಹೋಗಬೇಡಿ, ಅಕ್ಕ."

ಬೆಳಗ್ಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು.

"ಹೆದರಬೇಡ. ನಿನ್ನನ್ನು ಮನೆಗೆ ಕರೆದುಕೊಂಡು ಹೋಗಲಿಕ್ಕೇ ನಾನು ಬಂದದ್ದು," ಎಂದು ಇಮೆಲ್ಡಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೆರಳುಗಳು ತಣ್ಣಗಿದ್ದವು. ಉಗುರಿನ ಸಂದಿಯಲ್ಲಿ ಉಪ್ಪು ತಿಂದ ಹಳೆಯ ಗಾಯಗಳಿದ್ದವು.

ಅಂಗಡಿಯ ಮೆಟ್ಟಿಲಲ್ಲಿ ಒಬ್ಬ ಮುದುಕಿ ಕರುಣಾಕರನೊಂದಿಗೆ ಜಗಳಕ್ಕೆ ನಿಂತಿದ್ದಳು. ಮಂಡಿಯವರೆಗಿನ ಬಟ್ಟೆಚೀಲ, ಕುತ್ತಿಗೆಯಲ್ಲಿ ಜಪಸರ. ಕೈಯಲ್ಲೊಂದು ಹೊಳೆಯುವ ಖಾಲಿ ಮಾತ್ರೆ ಪಟ್ಟಿ.

"ದುಬೈಯಿಂದ ಮಗ ಕಳಿಸಿದ್ದು. ಶೀತಕ್ಕೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಇಂಥದ್ದೇ ಕೊಡು ಅಂದರೆ ನಿನ್ನದು ಎಂತ ಇಷ್ಟು ಪ್ರಶ್ನೆ?"

"ಡುಲ್ಸಿನ್ ಬಾಯಿ, ನೀವು ಬಿ.ಪಿ. ಮಾತ್ರೆ ತಿನ್ನುತ್ತೀರಿ ಅಲ್ವಾ?"

"ತಿನ್ನುತ್ತೇನೆ. ಅದು ಬೆಳಿಗ್ಗೆ. ಇದು ಸಂಜೆ."

"ಹೊಟ್ಟೆ ಒಂದೇ ಅಲ್ವಾ? ಅದರೊಟ್ಟಿಗೆ ಇದು ಆಗುವುದಿಲ್ಲ. ಬಿಸಿನೀರಿನ ಹಬೆ ತೆಗೆದುಕೊಳ್ಳಿ. ಕಡಿಮೆಯಾಗದಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ ಬನ್ನಿ."

"ಮದ್ದು ಮಾರುವವನೋ, ಪಾಪನಿವೇದನೆ ಕೇಳುವ ಪಾದ್ರಿಯೋ ನೀನು? ಇನ್ನು ಏನೇನು ತಿಂದೆ ಅಂತ ಹೇಳಬೇಕು ನಿನಗೆ?"

"ಎಲ್ಲ ಹೇಳಿದರೆ ಒಳ್ಳೆಯದು," ಎಂದ ಕರುಣಾಕರ, ನಗದೆ.

"ಹೀಗೆ ಮಾಡಿದರೆ ನಿನ್ನ ಅಂಗಡಿಯಲ್ಲಿ ಜಿರಳೆಗಳೇ ಗಿರಾಕಿಗಳಾಗುವುದು, ನೋಡು." ಮುದುಕಿ ಗೊಣಗುತ್ತಾ ಇಮೆಲ್ಡಾಳನ್ನು ದಾಟಿ ಇಳಿದಳು. "ನಿನಗೂ ಏನೂ ಸಿಗಲಿಕ್ಕಿಲ್ಲ ಬಾಯಿ, ಸುಮ್ಮನೆ ಹೋಗು."

ಇಮೆಲ್ಡಾ ಕೌಂಟರಿನ ಹತ್ತಿರ ಹೋದಳು. ಕರುಣಾಕರನಿಗೆ ಅವಳ ಮುಖಪರಿಚಯವಿರಲಿಲ್ಲ. ತಲೆ ಎತ್ತಿ ನೋಡಿದ. ಮೂವತ್ತು ದಾಟಿರದ ಮುಖ, ಆದರೆ ಕಣ್ಣ ಕೆಳಗೆ ನಿದ್ರೆ ಕೆಟ್ಟ ಕಪ್ಪು. ಅಂಗಿಯ ಕಾಲರು ಮಾತ್ರ ಒಪ್ಪವಾಗಿತ್ತು. ಇವನು ಅಂಗಿಯನ್ನು ತಾನೇ ತೊಳೆದು ಇಸ್ತ್ರಿ ಮಾಡಿಕೊಳ್ಳುವವನು ಎಂದು ಅವಳಿಗೆ ಅನಿಸಿತು.

ಚೀಟಿ ಕೊಟ್ಟಳು.

ಅವನು ಓದಿದ. ಮೊದಲನೆಯದು ಅಮ್ಮಣ್ಣಿ ತಿನ್ನುತ್ತಿದ್ದ ಅದೇ ಮಾತ್ರೆ, ಇಂದಿಗೆ ಮುಗಿಸಬೇಕು. ಎರಡನೆಯದು ಮನಸ್ಸಿನ ಕುಸಿತಕ್ಕೇ ಕೊಡುವ ಬೇರೊಂದು ಜಾತಿಯ ಮಾತ್ರೆ, ನಾಳೆಯಿಂದಲೇ ಶುರು.

ಅವನ ಕೈ ಕಪಾಟಿನತ್ತ ಹೋಯಿತು. ಅವನು ತೆಗೆದದ್ದು ಮಾತ್ರೆಯಲ್ಲ, ಕನ್ನಡಕ. ಅದನ್ನು ಹಾಕಿಕೊಂಡು ಮತ್ತೊಮ್ಮೆ ಓದಿದ.

"ಯಾರಿಗೆ ಇದು?"

"ನನ್ನ ಅಕ್ಕನಿಗೆ. ಉದ್ಯಾವರದಲ್ಲಿ ಇದ್ದಾಳೆ."

"ಈ ಮೊದಲನೆಯದನ್ನು ತುಂಬಾ ದಿನದಿಂದ ತಿನ್ನುತ್ತಿದ್ದಾರಾ?"

"ಹೌದು. ಗುಣ ಕಾಣುವುದಿಲ್ಲ ಅಂತ ಬದಲಾಯಿಸಿದ್ದಾರೆ."

ಅವನು ಚೀಟಿಯನ್ನು ಮಡಚಲಿಲ್ಲ. ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನೀಡಿದ.

"ಇದನ್ನು ನಾನು ಕೊಡುವುದಿಲ್ಲ. ಡಾಕ್ಟರು ಅವಸರದಲ್ಲಿ ಬರೆದಿರಬೇಕು, ಇನ್ನೊಮ್ಮೆ ಕೇಳಿ. ಒಂದನ್ನು ಬಿಟ್ಟು ಮರುದಿನವೇ ಇನ್ನೊಂದು ಶುರು ಮಾಡಿದರೆ ಜ್ವರ ಏರಿ, ಅಪಸ್ಮಾರದ ಹಾಗೆ ಬಂದು ಜೀವ ಹೋಗಬಹುದು. ನಡುವೆ ಎರಡು ವಾರ ಬಿಡಬೇಕು. ಈ ಮದ್ದು ನಿಲ್ಲಿಸಿದ ಮೇಲೂ ಅಷ್ಟು ದಿನ ಮೈಯಲ್ಲಿ ಇರುತ್ತದೆ."

ಇಮೆಲ್ಡಾ ಚೀಟಿ ತೆಗೆದುಕೊಂಡಳು. ರಸ್ತೆಯಾಚೆ ಜೀಪಿನಲ್ಲಿ ಲೀಲಾಧರ ಇದನ್ನು ನೋಡಿರುತ್ತಾನೆ. ವಾರಿಜಾಳೂ ನೋಡಿರುತ್ತಾಳೆ. ಮುಗಿಯಿತು ಎಂದು ಅವಳು ಉಸಿರು ಬಿಡಬೇಕಿತ್ತು. ಆದರೆ ಈ ಮನುಷ್ಯ ಇನ್ನೂ ಮಾತು ನಿಲ್ಲಿಸಿರಲಿಲ್ಲ.

"ಮತ್ತೊಂದು. ಹೊಸ ಮಾತ್ರೆ ಬಂದ ಮೇಲೆ ಒಮ್ಮೆಗೆ ಒಂದು ವಾರದ್ದಷ್ಟೇ ಕೊಂಡುಹೋಗಿ. ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಅವರ ಕೈಗೆ ಕೊಡಬೇಡಿ. ದುಃಖದಲ್ಲಿ ಇರುವವರ ಮನೆಯಲ್ಲಿ ಆ ಮಾತ್ರೆ ರಾಶಿ ಇರಬಾರದು. ಒಟ್ಟಿಗೆ ನುಂಗಿದರೆ ಹೃದಯವೇ ನಿಂತುಹೋಗುತ್ತದೆ."

"ಎಷ್ಟೊಂದು ತಿಳಿದುಕೊಂಡಿದ್ದೀರಿ," ಎಂದಳು ಇಮೆಲ್ಡಾ ಮೆಲ್ಲಗೆ. "ನಿಮ್ಮ ಅತ್ತೆ ಅಮ್ಮಣ್ಣಿಗೆ ಮಾತ್ರ ಇದನ್ನು ಹೇಳುವವರು ಯಾರೂ ಇರಲಿಲ್ಲ ಅಲ್ವಾ?"

ಕರುಣಾಕರ ಕನ್ನಡಕ ತೆಗೆದ. ಮೊದಲು ಅವಳ ಮುಖ ನೋಡಿದ, ಆಮೇಲೆ ಅವಳ ಹೆಗಲ ಮೇಲಿನಿಂದ ರಸ್ತೆಯತ್ತ. ಜೀಪು ಕಾಣಿಸಿರಬೇಕು. ಗಾಬರಿಪಡಲಿಲ್ಲ. ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದ.

"ನೀವು ಮಣಿಪಾಲದ ಇಮೆಲ್ಡಾ ಬಾಯಿ."

"ಹೌದು."

"ಈ ಚೀಟಿ ಸುಳ್ಳು."

"ಸುಳ್ಳು. ನೀವು ಪೊಲೀಸರ ಹತ್ತಿರ ಗೊತ್ತಿಲ್ಲ ಅಂದದ್ದೂ ಸುಳ್ಳು."

"ಹೌದು, ಸುಳ್ಳು."

ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಕೌಂಟರಿನ ಅಂಚನ್ನು ಹಿಡಿದುಕೊಂಡಳು.

"ಯಾಕೆ ಹೇಳಿದಿರಿ ಆ ಸುಳ್ಳು?"

"ಗೊತ್ತಿತ್ತು ಅಂತ ಒಪ್ಪಿದರೆ ಮುಂದಿನ ಪ್ರಶ್ನೆ ಎಂತ ಬರುತ್ತದೆ? ಯಾರಿಗೆ ಹೇಳಿದೆ ಅಂತ."

"ಅತ್ತೆಗೆ ಹೇಳಲಿಲ್ಲ. ಅದಕ್ಕೇ ಹೆದರಿದಿರಿ."

ಕರುಣಾಕರ ಮೊದಲ ಸಲ ನಕ್ಕ. ನೋಡಲಾಗದಂಥ ನಗು.

"ಬಾಯಿ, ಇಲ್ಲದ ನಿಮ್ಮ ಅಕ್ಕನಿಗೆ ಇಷ್ಟು ಹೇಳಿದೆ. ಡುಲ್ಸಿನ್ ಬಾಯಿಯ ಹತ್ತಿರ ದಿನಾ ಬೈಸಿಕೊಳ್ಳುತ್ತೇನೆ. ಅತ್ತೆ ನನ್ನ ಅಪ್ಪನ ಒಡಹುಟ್ಟಿದ ತಂಗಿ. ಶಾಲೆ ಬಿಟ್ಟ ಮೇಲೆ ಅವರ ಮನೆಯ ಗಂಜಿ ಉಂಡು ಬೆಳೆದವನು ನಾನು. ಅವರಿಗೆ ಹೇಳದೆ ಇರುತ್ತೇನಾ?"

ಇಮೆಲ್ಡಾಳ ಕೈಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಅವಳು ಬೀಸಿದ ಬಲೆ ಅದು. ಇವನಿಗೆ ಗೊತ್ತಿತ್ತೆಂದು ತೋರಿಸಿಕೊಟ್ಟದ್ದೂ ಅದೇ, ಗೊತ್ತಿದ್ದರೆ ಹೇಳದೆ ಇರುವವನಲ್ಲ ಇವನು ಎಂದು ತೋರಿಸಿಕೊಟ್ಟದ್ದೂ ಅದೇ.

"ಹಾಗಾದರೆ ಅಮ್ಮಣ್ಣಿಗೆ ನೀವೇ ಹೇಳಿದಿರಿ?"

"ಅತ್ತೆ ಇಲ್ಲಿಗೆ ಬಂದದ್ದೇ ಇಲ್ಲ, ಬಾಯಿ."

ಹೊರಗೆ ಯಾವುದೋ ಲಾರಿ ಹಾರ್ನ್ ಹಾಕುತ್ತಾ ಹೋಯಿತು. ಇಮೆಲ್ಡಾಳಿಗೆ ಇನ್ನು ಕೇಳಬೇಕಾದದ್ದು ಏನೂ ಇರಲಿಲ್ಲ. ವಾರಕ್ಕೊಮ್ಮೆ, ಒಂದೇ ವಾರದ ಮಾತ್ರೆ ಕೊಂಡುಹೋಗಲು ಕಾಪುವಿನಿಂದ ಬಸ್ಸು ಹತ್ತಿ ಇಲ್ಲಿಗೆ ಬರುತ್ತಿದ್ದವಳು ಯಾರೆಂದು ಅವಳಿಗೆ ತಿಳಿಯಿತು.

"ಅಮ್ಮ ಬೊಜ್ಜಕ್ಕೆ ಒಪ್ಪುವ ಹಾಗೆ ಕಾಣುತ್ತದೆ, ಮಾತ್ರೆ ಬಿಟ್ಟರೆ ಯಾವಾಗ ಮೀನು ತಿನ್ನಬಹುದು ಅಂತ ಕೇಳಿದಳು," ಎಂದ ಅವನು, ಕೌಂಟರಿನ ಗಾಜಿನತ್ತ ನೋಡುತ್ತಾ. "ಡಾಕ್ಟರನ್ನು ಕೇಳದೆ ಬಿಡಲೇಬಾರದು ಅಂದೆ. ಬಿಟ್ಟರೂ ಎರಡು ವಾರ ಮೀನು ಮುಟ್ಟಬಾರದು, ತಲೆಯ ನರ ಒಡೆಯುತ್ತದೆ ಅಂದೆ. ಇನ್ನೊಮ್ಮೆ ಹೇಳಿ ಭಾವ, ಅಂದಳು. ಇನ್ನೊಮ್ಮೆ ಹೇಳಿದೆ."

"ಮಾತ್ರೆ ಬಿಟ್ಟು ವಾರ ತುಂಬುವ ಮೊದಲೇ ಅವಳು ಮೀನು ಬಡಿಸಿದಳು."

"ನಾನು ಬೊಜ್ಜಕ್ಕೆ ಹೋದದ್ದು ತಡವಾಗಿ. ಅಷ್ಟರಲ್ಲಿ ಎಲೆ ಎತ್ತಿ ಆಗಿತ್ತು." ಅವನು ಕನ್ನಡಕವನ್ನು ಮಡಚಿ ಕೌಂಟರಿನ ಮೇಲೆ ಇಟ್ಟ. "ಅವಳನ್ನು ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ನೀವೂ ಕೇಳಬೇಡಿ."

"ಅಂದರೆ ಅವಳ ಬದಲು ನೀವು ಹೋಗುತ್ತೀರಾ?"

"ನಿಮಗೆ ಬೇಕಾದದ್ದು ಅದೇ ಅಲ್ವಾ? ಹುಡುಗಿಯನ್ನು ಬಿಡಿಸಬೇಕು ಅಂತಲೇ ಬಂದಿರಿ. ಬಿಡಿಸಿಕೊಂಡು ಹೋಗಿ."

ಅವಳು ಬಾಯಿ ತೆರೆಯುವುದರೊಳಗೆ ಮೆಟ್ಟಿಲಿನಲ್ಲಿ ಬೂಟಿನ ಸಪ್ಪಳವಾಯಿತು. ಲೀಲಾಧರ ಒಳಗೆ ಬಂದ. ಹಿಂದಿನಿಂದ ಜೀಪಿನ ಚಾಲಕ ಅಂಗಾರ, ಬೀಡಿಯನ್ನು ಹೊರಗೆ ಎಸೆಯುತ್ತಾ.

"ಚೀಟಿ ತಿರುಗಿ ಬಂದದ್ದನ್ನು ನೋಡಿದೆ," ಎಂದ ಲೀಲಾಧರ. "ಇಷ್ಟು ಹೊತ್ತು ಎಂತ ಮಾತು ಬಾಯಮ್ಮ? ಏನಪ್ಪಾ, ಎರಡು ವಾರದ ವಿಷಯ ನಿನಗೆ ಗೊತ್ತಿತ್ತಾ ಇಲ್ಲವಾ?"

"ಗೊತ್ತಿತ್ತು ಸರ್."

"ಯಾರಿಗೆ ಹೇಳಿದೆ?"

"ಯಾರಿಗೂ ಹೇಳಲಿಲ್ಲ."

"ಯಾಕೆ?"

"ಹೇಳಬೇಕು ಅನಿಸಲಿಲ್ಲ."

ಲೀಲಾಧರ ಇಮೆಲ್ಡಾಳತ್ತ ತಿರುಗಿದ. ಅವನು ಕೆಟ್ಟವನಲ್ಲ. ಮನೆಯಲ್ಲಿ ಅವನಿಗೂ ಮದುವೆಗೆ ಬಂದ ತಂಗಿ ಇದ್ದಳು. ಈ ಹುಡುಗಿಗೆ ಬೇಡಿ ಹಾಕುವುದು ತಪ್ಪಿತೆಂಬ ಸಮಾಧಾನ ಅವನ ಮುಖದಲ್ಲೇ ಕಾಣುತ್ತಿತ್ತು. "ನಿಮ್ಮ ಮಾತೇ ನಿಜವಾಯಿತು. ನಾನು ಸೋತೆ ಅಂತ ಬೇಕಾದರೆ ಮಣಿಪಾಲದಲ್ಲಿ ಎಲ್ಲರಿಗೂ ಹೇಳಿ. ಸಾಕ್ಷಿಗೆ ನಿಮ್ಮ ಸಹಿ ಬೇಕಾಗುತ್ತದೆ. ಅವನು ಹೇಳಿದ್ದು ಇಷ್ಟೇ ಅಲ್ವಾ?"

ಇಷ್ಟೇ ಅಲ್ಲ ಎಂದರೆ ವಾರಿಜಾ ಜೀಪಿನಿಂದ ಇಳಿಯುವುದಿಲ್ಲ. ಇಷ್ಟೇ ಎಂದರೆ ಡುಲ್ಸಿನ್ ಬಾಯಿಗೆ ಶೀತದ ಮಾತ್ರೆ ಕೊಡದ ಈ ಮನುಷ್ಯ ಕೊಲೆಗಾರನಾಗುತ್ತಾನೆ. ಇಮೆಲ್ಡಾ ಕೈಯಲ್ಲಿದ್ದ ಚೀಟಿಯನ್ನು ಮಡಚಿದಳು. ಕರುಣಾಕರ ಅವಳ ಮುಖವನ್ನೇ ನೋಡುತ್ತಿದ್ದ.

"ಸಹಿಗೆ ನಾಳೆ ಬರುತ್ತೇನೆ," ಎಂದಳು.

ಅದು ಉತ್ತರವಲ್ಲ ಎಂದು ಲೀಲಾಧರನಿಗೆ ಹೊಳೆಯಲಿಲ್ಲ.

ಕರುಣಾಕರ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ. ಪಕ್ಕದ ಹೊಲಿಗೆ ಅಂಗಡಿಯವನನ್ನು ಕರೆದು ಕೀಲಿ ಕೊಟ್ಟ. "ಹೆಬ್ರಿಯಿಂದ ಒಬ್ಬರು ಸಕ್ಕರೆ ಕಾಯಿಲೆಯ ಇಂಜೆಕ್ಷನ್‌ಗೆ ಬರುತ್ತಾರೆ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಉಂಟು. ಬಿಸಿಲಲ್ಲಿ ಹಿಡಿದುಕೊಂಡು ಹೋಗಬಾರದು ಅಂತ ಹೇಳು. ಬೇರೆ ಯಾರು ಬಂದರೂ ನೀನಾಗಿ ಏನನ್ನೂ ಕೊಡಬೇಡ, ಮಾರಾಯ." ಹೊಲಿಗೆಯವನು ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ತಲೆಯಾಡಿಸಿದ.

ರಸ್ತೆ ದಾಟಿದರು. ವಾರಿಜಾಳನ್ನು ಅಂಗಾರ ಇಳಿಸಿದ. ಅವಳು ಇಳಿಯುವುದಕ್ಕೂ ಕರುಣಾಕರ ಹತ್ತುವುದಕ್ಕೂ ಇದ್ದದ್ದು ಒಂದೇ ಮೆಟ್ಟಿಲು. ಅಲ್ಲಿ ಇಬ್ಬರೂ ಒಂದು ಕ್ಷಣ ನಿಂತರು.

"ಊಟ ಮಾಡಿದ್ದೀಯಾ?" ಎಂದು ಕೇಳಿದ ಅವನು.

ವಾರಿಜಾ ತಲೆ ಎತ್ತಲಿಲ್ಲ. ಅವನು ಹತ್ತಿ ಕುಳಿತ.

"ನೀವಿಬ್ಬರೂ ಬಸ್ಸಿನಲ್ಲಿ ಬನ್ನಿ ಬಾಯಮ್ಮ," ಎಂದ ಲೀಲಾಧರ. ಜೀಪು ಹೊಗೆ ಕಾರಿಕೊಂಡು ಹೊರಟಿತು.

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದರು. ಇಮೆಲ್ಡಾ ಒಂದು ಸೋಡಾ ತೆಗೆದುಕೊಟ್ಟಳು. ಹುಡುಗಿ ಅರ್ಧ ಕುಡಿದು ಉಳಿದದ್ದನ್ನು ಅವಳಿಗೇ ಚಾಚಿದಳು. ತನ್ನ ಮನೆಯವರಿಗೆ ಕೊಡುವ ಹಾಗೆ.

"ಭಾವ ನಿಮ್ಮ ಹತ್ತಿರ ಹೇಳಿದ್ದಾರೆ," ಎಂದಳು ವಾರಿಜಾ. ಪ್ರಶ್ನೆಯಾಗಿರಲಿಲ್ಲ ಅದು.

"ಹೇಳಿದರು."

"ಅದಕ್ಕೇ ಹೋಗಬೇಡಿ ಅಂದದ್ದು."

"ನಿನಗೆ ಗೊತ್ತಿತ್ತು, ವಾರಿಜಾ. ಗೊತ್ತಿದ್ದೂ ಅಮ್ಮನಿಗೆ ಹೇಳಲಿಲ್ಲ."

"ಹೇಳಿದೆ."

ಇಮೆಲ್ಡಾ ಸೋಡಾ ಬಾಟಲಿಯನ್ನು ಕಲ್ಲಿನ ಮೇಲೆ ಇಟ್ಟಳು.

"ಅದೇ ದಿನ ಸಂಜೆ ಹೇಳಿದೆ, ಅಕ್ಕ. ಮೀನಿಗೆ ಉಪ್ಪು ಸವರುತ್ತಾ ಕುಳಿತಿದ್ದರು. ಭಾವ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಬಿಟ್ಟರೂ ಎರಡು ವಾರ ಮುಟ್ಟಬಾರದು, ಮುಟ್ಟಿದರೆ ಅದೇ ದಿನ ಜೀವ ಹೋಗಬಹುದು ಅಂತ. ಅಮ್ಮ ಕೈ ನಿಲ್ಲಿಸಿ ಕೇಳಿದರು. ನೋವು ತುಂಬಾ ಹೊತ್ತು ಇರುತ್ತದಾ ಅಂತ ಕೇಳಿದರು. ನನಗೆ ಗೊತ್ತಿಲ್ಲ ಅಂದೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಅಲ್ಲಿಯವರೆಗೆ ಬೊಜ್ಜದ ಮಾತೆತ್ತಿದರೆ ಹಾರಿ ಬೀಳುತ್ತಿದ್ದವರು. ಒಪ್ಪುವ ಹಾಗೆ ಕಾಣುತ್ತದೆ ಅಂತ ಭಾವನ ಹತ್ತಿರ ನಾನು ಹೇಳಿದ್ದು ಆಸೆಯಿಂದ, ಅಷ್ಟೇ. ಮರುದಿನ ಬೆಳಿಗ್ಗೆ ಮಾತ್ರೆ ಬೇಡ ಅಂದರು. ಕಿಟ್ಟಣ್ಣನ ಬೊಜ್ಜಕ್ಕೆ ದಿನ ನೋಡಿಸಿಕೊಂಡು ಬಾ ಅಂತ ಅವರೇ ಕಳಿಸಿದರು. ಹೊರಡುವಾಗ ಕರೆದು ಹೇಳಿದರು, ದೂರದ ದಿನ ಬೇಡ, ಎರಡು ವಾರದೊಳಗೆ ಬರುವ ದಿನವೇ ಆಗಬೇಕು ಅಂತ."

ಬಸ್‌ಸ್ಟ್ಯಾಂಡಿನ ಗದ್ದಲ ಇಮೆಲ್ಡಾಳ ಕಿವಿಗೆ ದೂರದಿಂದ ಬಂದ ಹಾಗಿತ್ತು. ಅಮ್ಮಣ್ಣಿಯ ಮುಖ ಕಣ್ಣ ಮುಂದೆ ಬಂತು. ಪಥ್ಯ ಎಂದಾಗ ಕೂಡಲೇ ತಲೆಯಾಡಿಸಿದ್ದ ಮುಖ.

"ಯಾಕಾಗಿ ಆ ದಿನ ಅಂತ ನಿನಗೆ ಅರ್ಥವಾಯಿತಾ?"

"ಆಯಿತು."

"ಅರ್ಥವಾಗಿಯೂ ಬಡಿಸಿದೆಯಾ?"

ವಾರಿಜಾ ಬಸ್ಸು ಬರುವ ದಾರಿಯತ್ತ ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ನೀರು ಬಂದಿದ್ದರೆ ಇಮೆಲ್ಡಾಳಿಗೆ ಏನಾದರೊಂದು ತೀರ್ಮಾನಕ್ಕೆ ಬರುವುದು ಸುಲಭವಾಗುತ್ತಿತ್ತು.

"ಎಲೆಯ ಮುಂದೆ ಕುಳಿತು ನನ್ನ ಮುಖ ನೋಡಿದರು," ಎಂದಳು. "ಅಣ್ಣ ಹೋದ ಮೇಲೆ ಒಂದು ದಿನವೂ ಹಾಗೆ ನೋಡಿದವರಲ್ಲ."

ಅಷ್ಟೇ ಹೇಳಿದಳು. ಅದಕ್ಕೇ ಬಡಿಸಿದೆ ಎಂದೂ ಅನ್ನಲಿಲ್ಲ, ಅದಕ್ಕಲ್ಲ ಎಂದೂ ಅನ್ನಲಿಲ್ಲ. ತಾಯಿ ಹೇಳಿದರೆಂಬ ಮಾತಿಗೆ ಸಾಕ್ಷಿ ಇನ್ನಾರೂ ಇಲ್ಲ. ಇದ್ದದ್ದು ಈ ಹುಡುಗಿಯ ಬಾಯಿ ಒಂದೇ. ನಿಜವಾದರೆ ಕರುಣಾಕರ ಇಂದೇ ಬಿಡುಗಡೆಯಾಗಬೇಕು. ಸುಳ್ಳಾದರೆ ಇಮೆಲ್ಡಾ ಕೈ ಹಿಡಿದು ನಡೆಸಿಕೊಂಡು ಬಂದದ್ದು ಯಾರನ್ನು?

ಎರಡು ಬಸ್ಸುಗಳು ಒಂದರ ಹಿಂದೆ ಒಂದು ಬಂದು ನಿಂತವು. ಒಂದು ಪಡುಬಿದ್ರಿಗೆ, ಅಲ್ಲಿಂದ ಕಾಪು, ಠಾಣೆ. ಇನ್ನೊಂದು ಉಡುಪಿಗೆ, ಅಲ್ಲಿ ಇಮೆಲ್ಡಾಳ ಮನೆ, ಒಲೆಯ ಮೇಲೆ ಬೆಳಿಗ್ಗೆ ಮಾಡಿಟ್ಟ ಅನ್ನ. ಇಬ್ಬರು ಕಂಡಕ್ಟರುಗಳೂ ಬಾಗಿಲಿಗೆ ಬಡಿಯುತ್ತಾ ಊರಿನ ಹೆಸರು ಕೂಗತೊಡಗಿದರು.

ವಾರಿಜಾ ಅವಳ ಕೈಯೊಳಗೆ ತನ್ನ ತಣ್ಣನೆಯ ಕೈ ಇಟ್ಟಳು.

"ಯಾವುದಕ್ಕೆ ಹತ್ತುವುದು, ಅಕ್ಕ?"